ಅಜ್ಜಿಯ ಹಾಡೂ ಹೊಸ ಕಂಪ್ಯೂಟರೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆಯಲ್ಲಿಯೇ ಹಾಡು ಮುದ್ರಿಸಿಕೊಳ್ಳುವ ಹವ್ಯಾಸಿಗಳು ಈ ಗಾದೆಗೆ ಮೂರನೆಯ ಮಾತೊಂದನ್ನು ಸೇರಿಸಿದರೆ ಯಾರೂ ಆಕ್ಷೇಪಿಸಲಾರರು: ಕಂಪ್ಯೂಟರ್ ಬದಲಿಸಿ ನೋಡು!

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಮಳೆಗೆ ಬಡವಾದರೂ ಹಾಡಿಗೆ ಬಡವಾದುವಲ್ಲ. ಚಳ್ಳಕೆರೆ ಶೇಂಗಾ ಎಣ್ಣೆಗೂ ಕಂಬಳಿಗೂ ಹೆಸರಾದರೆ, ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರುವಾಸಿ. ಈ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪರ ಕಥನಗಳು, ಮ್ಯಾಸಬೇಡರಲ್ಲಿ ಗಾದ್ರಿಪಾಲನಾಯಕನ ಕಥನ ಬಾಯಿಂದ ಬಾಯಿಗೆ ಹರಿದು ಬಂದಿವೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೂ ಸಾವಿರಾರು ಪದಗಳನ್ನು ಕಂಠದಲ್ಲಿಯೇ ಹೊತ್ತು ಹಾಡಿದ ಆಕೆಯ ಮುಂದೆ ವಿದ್ವಾಂಸರೂ ಕಿವಿಗೊಟ್ಟು ಕುಳಿತರು.

ಇಂತಹ ಹಾಡನ್ನು ಕೂಡಿಡಲು ಇಂದು ದೊಡ್ಡ ಸ್ಟುಡಿಯೋ ಬೇಕಾಗಿಲ್ಲ. ಒಂದು ಮೈಕು, ಅದರ ದನಿಯನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಒಪ್ಪಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ, ಒಂದು ಹೆಡ್‌ಫೋನ್, ಇಷ್ಟಿದ್ದರೆ ನಡುಮನೆಯೇ ಸ್ಟುಡಿಯೋ. ತೊಡಕು ಹುಟ್ಟುವುದು ಅನಂತರ.

ಒಂದು ಮನೆಯ ಕಥೆ

ಚಳ್ಳಕೆರೆಯ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಮೊಳಕಾಲ್ಮೂರಿನ ಕಡೆಯಿಂದ ಸೊಸೆಯಾಗಿ ಬಂದ ಅಜ್ಜಿ ಸೋಬಾನೆ ಪದಗಳಿಗೆ ಪ್ರಸಿದ್ಧಳು. ಬೀದಿಯ ಸದ್ದಡಗಿದ ರಾತ್ರಿಗಳಲ್ಲಿ ಫ್ಯಾನನ್ನೂ ನಿಲ್ಲಿಸಿ, ಮೊಮ್ಮಗ ಆಕೆಯ ಹಾಡುಗಳನ್ನು ಮುದ್ರಿಸಿದ್ದಾನೆ. ತಪ್ಪಿದ ಸಾಲನ್ನು ಮತ್ತೆ ಹಾಡಿಸಿ, ತುಣುಕುಗಳನ್ನು ಕತ್ತರಿಸಿ ಜೋಡಿಸಿ, ದನಿಗೆ ದೇಗುಲದ ಅನುರಣನವನ್ನು ಬೆರೆಸಿದ್ದಾನೆ. ಅಜ್ಜಿ ಈಗಿಲ್ಲ. ಮತ್ತೊಮ್ಮೆ ಹಾಡಿಸೋಣವೆಂದರೆ ಹಾಡುವವರಿಲ್ಲ.

ಇತ್ತ ಅವನ ಕಂಪ್ಯೂಟರಿಗೂ ವಯಸ್ಸಾಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಬೇಡುತ್ತದೆ. ಹಳೆಯ ಯಂತ್ರಗಳು ಅನೇಕವು ಈ ಪರೀಕ್ಷೆಯಲ್ಲಿ ಅನುತ್ತೀರ್ಣ. ಆಪಲ್ ಯಂತ್ರಗಳ ದಾರಿಯೂ ಬೇರೆಯಲ್ಲ. 2019ರಲ್ಲಿ ಬಂದ ಕ್ಯಾಟಲಿನಾ ಆವೃತ್ತಿಯು 32 ಬಿಟ್ಟಿನ ತಂತ್ರಾಂಶಗಳನ್ನು ನಡೆಸಲು ನಿರಾಕರಿಸಿದಾಗ, ಅಂದಿನವರೆಗೆ ದುಡಿದ ಎಷ್ಟೋ ಸಂಗೀತ ತಂತ್ರಾಂಶಗಳು ಒಂದೇ ದಿನ ಮೂಕವಾದುವು. ಮೊಮ್ಮಗ ಹಣ ಉಳಿಸುವ ದಾರಿ ಹಿಡಿದ. ಹಳೆಯ ಡಿಸ್ಕನ್ನು ಬಿಚ್ಚಿಟ್ಟು, ಹೊಸ ಡಿಸ್ಕಿನಲ್ಲಿ ಲಿನಕ್ಸ್ ಸ್ಥಾಪಿಸಿದ. ಇದು 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ, ಬೆಲೆ ಕೊಡದೆ ಪಡೆಯಬಹುದಾದ ವ್ಯವಸ್ಥೆ. ಆರ್ಡರ್ ಎಂಬ ಧ್ವನಿಮುದ್ರಣ ತಂತ್ರಾಂಶವೂ ಅದರಲ್ಲಿ ದೊರಕಿತು.

ನಾಲ್ಕು ತೊಡಕುಗಳು

ಮೊದಲನೆಯದು, ಹಳೆಯ ಹಾಡಿನ ಕಡತ ತೆರೆಯಲೇ ಇಲ್ಲ. ಒಂದು ತಂತ್ರಾಂಶ ಬರೆದಿಟ್ಟ ಜೋಡಣೆಯ ಲೆಕ್ಕವನ್ನು ಇನ್ನೊಂದು ಓದಲಾರದು. ಡಿಸ್ಕಿನಲ್ಲಿ ಅಜ್ಜಿಯ ದನಿಯೇನೋ ಇತ್ತು, ಬರಿಯ ತುಣುಕುಗಳಾಗಿ. ಯಾವ ತುಣುಕು ಯಾವ ಕ್ಷಣಕ್ಕೆ ಸೇರಬೇಕೆಂಬುದು ತೆರೆಯಲಾಗದ ಆ ಕಡತದಲ್ಲಿಯೇ ಉಳಿಯಿತು.

ಎರಡನೆಯದು, ಅನುರಣನವನ್ನು ಬೆರೆಸುತ್ತಿದ್ದ ಪ್ಲಗಿನ್. ವಿಂಡೋಸಿಗೆಂದು ರಚಿಸಿದ ಪ್ಲಗಿನ್ ಲಿನಕ್ಸಿನಲ್ಲಿ ನೇರವಾಗಿ ನಡೆಯದು. ದನಿ ಒಣಗಿ ನಿಂತಿತು.

ಮೂರನೆಯದು, ವಿಳಂಬ. ಸೆಕೆಂಡಿಗೆ 48,000 ಅಂಕಿಗಳ ಲೆಕ್ಕದಲ್ಲಿ ಬರುವ ದನಿಯನ್ನು ಕಂಪ್ಯೂಟರ್ ಹನಿಹನಿಯಾಗಿ ಒಯ್ಯುವುದಿಲ್ಲ. ಬಿಂದಿಗೆ ತುಂಬಿದ ಮೇಲೆಯೇ ಒಯ್ಯುತ್ತದೆ. ಬಿಂದಿಗೆ 1,024 ಅಂಕಿಗಳದ್ದಾದರೆ ತುಂಬುವುದಕ್ಕೆ ಸುಮಾರು 21 ಮಿಲಿಸೆಕೆಂಡು. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಮತ್ತೊಮ್ಮೆ. ಹಾಡುವವರಿಗೆ ತಮ್ಮ ದನಿಯೇ ತಡವಾಗಿ ಕೇಳಿ ತಾಳ ತಪ್ಪುತ್ತದೆ. ಬಿಂದಿಗೆಯನ್ನು ತೀರ ಚಿಕ್ಕದು ಮಾಡಿದರೆ ಯಂತ್ರಕ್ಕೆ ಓಡಾಟ ಹೆಚ್ಚಿ, ದನಿಯಲ್ಲಿ ಪಟಪಟ ಸದ್ದು ಬೆರೆಯುತ್ತದೆ. ಪೆಟ್ಟಿಗೆಗೂ ವ್ಯವಸ್ಥೆಗೂ ಸಂಧಾನ ನಡೆಸುವ ಡ್ರೈವರ್ ಎಂಬ ತಂತ್ರಾಂಶ ಹೊಂದದಿದ್ದರೆ ತೊಂದರೆ ಇಮ್ಮಡಿ.

ನಾಲ್ಕನೆಯದು ಕನ್ನಡ ಅಕ್ಷರಗಳ ಕಷ್ಟ. ಅಜ್ಜಿಯ ಪದಗಳನ್ನು ಅವನು ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದ. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಈ ಶೈಲಿಗಳು ರೋಮನ್ ಅಕ್ಷರ, ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದುವು. ಆ ಶೈಲಿಯಿಲ್ಲದ ಯಂತ್ರದಲ್ಲಿ ಕನ್ನಡ ಮಾಯವಾಗಿ, ತಲೆಬುಡವಿಲ್ಲದ ಚಿಹ್ನೆಗಳ ಗೊಂಚಲು ಕಾಣಿಸುತ್ತದೆ. ಸೋಬಾನೆಯ ಪದಗಳೆಲ್ಲ ಹೀಗೆ ಗೊಂಚಲಾಗಿದ್ದುವು.

ಪರಿಹಾರ

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವಷ್ಟು ಕೈಮೀರಿರಲಿಲ್ಲ. ಹಳೆಯ ಡಿಸ್ಕು ಹಾಗೆಯೇ ಇತ್ತು. ಅದನ್ನು ಮತ್ತೆ ಜೋಡಿಸಿ, ಅಂತರ್ಜಾಲದ ಸಂಪರ್ಕವನ್ನು ಕಡಿದು, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಅವನು ಮಾಡಿದ.

ಆ ಕೆಲಸ ಕಠಿಣವೇನಲ್ಲ. ಪ್ರತಿಯೊಂದು ಟ್ರ್ಯಾಕನ್ನೂ ಹಾಡಿನ ಮೊಟ್ಟಮೊದಲ ಕ್ಷಣದಿಂದ ಕೊನೆಯವರೆಗೆ ಒಂದೊಂದೇ ವೇವ್ ಕಡತವಾಗಿ ಹೊರತೆಗೆಯಬೇಕು. ಎಲ್ಲವೂ ಒಂದೇ ಕ್ಷಣದಿಂದ ಆರಂಭವಾಗುವುದರಿಂದ ಯಾವ ತಂತ್ರಾಂಶದಲ್ಲಿಟ್ಟರೂ ಅವು ತಾವಾಗಿಯೇ ಕೂಡಿಕೊಳ್ಳುತ್ತವೆ. ಅನುರಣನ ಬೆರೆತದ್ದೊಂದು, ಬೆರೆಯದ್ದೊಂದು, ಹೀಗೆ ಎರಡು ಪ್ರತಿಗಳಿರಲಿ. ಶ್ರುತಿ, ಲಯದ ವೇಗ ಕಾಗದದ ಮೇಲಿರಲಿ. ಹಾಡಿನ ಪಠ್ಯವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸಿ, ಒತ್ತು ದೀರ್ಘಗಳನ್ನು ಕಣ್ಣಾರೆ ತಿದ್ದಬೇಕು. ಸೆಕೆಂಡಿಗೆ 48,000 ಅಂಕಿ, 24 ಬಿಟ್ಟಿನ ಲೆಕ್ಕದಲ್ಲಿ ಒಂದು ಟ್ರ್ಯಾಕಿನ ಒಂದು ಗಂಟೆಯ ಹಾಡು ಸುಮಾರು 518 ಮೆಗಾಬೈಟ್ ಮಾತ್ರ. ಇಂದಿನ ಡಿಸ್ಕುಗಳಿಗೆ ಅದು ಹೊರೆಯಲ್ಲ. ಒಂದು ಪ್ರತಿ ಚಳ್ಳಕೆರೆಯ ಮನೆಯಲ್ಲಿದ್ದರೆ, ಇನ್ನೊಂದು ಮೊಳಕಾಲ್ಮೂರಿನ ನೆಂಟರ ಮನೆಯಲ್ಲಿರಲಿ. ಹೊಸ ಯಂತ್ರದಲ್ಲಿ ಎಲ್ಲವನ್ನೂ ಕೇಳಿ ನೋಡುವ ತನಕ ಹಳೆಯ ಡಿಸ್ಕನ್ನು ಅಳಿಸಬಾರದು. ಉತ್ಸಾಹದಲ್ಲಿ ಅದನ್ನು ಅಂದೇ ಅಳಿಸಿಬಿಟ್ಟ ಮನೆಗೆ ಉಳಿಯುವುದು ಪರಿತಾಪವೊಂದೇ.

ಬಾಯಿಂದ ಬಾಯಿಗೆ ಸಾಗಿದ ಕಾಲದಲ್ಲಿಯೂ ಹಾಡು ಉಳಿದದ್ದು ತಾನಾಗಿಯೇ ಅಲ್ಲ. ಅಜ್ಜಿಯ ಕಣ್ಣ ಮುಂದೆಯೇ ಮೊಮ್ಮಗಳು ಅದನ್ನು ಹಾಡಿ ಒಪ್ಪಿಸಬೇಕಾಗಿತ್ತು. ಹಳೆಯ ಯಂತ್ರ ಉಸಿರಾಡುತ್ತಿರುವಾಗಲೇ ಹೊಸದಕ್ಕೆ ಹಾಡನ್ನು ಒಪ್ಪಿಸುವುದು ಅದೇ ಎಚ್ಚರದ ಇನ್ನೊಂದು ರೂಪ. ಆ ಮನೆಯಲ್ಲಿ ಮುಂದಿನ ಮದುವೆಯ ಚಪ್ಪರದ ದಿನ ಅಜ್ಜಿಯ ಸೋಬಾನೆ ಕೇಳಿಸಿತು. ಅನುರಣನವಿಲ್ಲದ ಪ್ರತಿಯನ್ನೇ ಹಾಕಬೇಕೆಂದು ಮನೆಯ ಹೆಂಗಸರು ಆರಿಸಿದರು. ಅದು ಅಡಿಗೆಮನೆಯಿಂದ ಕೇಳಿಬರುತ್ತಿದ್ದ ಅಜ್ಜಿಯ ದನಿಯಂತೆಯೇ ಇತ್ತು.