‘ಆಡಲ್ಲ’ ಅನ್ನೋಕೂ ಒಂದು ಒಪ್ಪಂದ ಬೇಕು

2025ರ ಆಗಸ್ಟ್ ತಿಂಗಳ ಮೂರು ಸುದ್ದಿಗಳನ್ನು ಫೋನಿನಲ್ಲಿ ಸೇವ್ ಮಾಡಿಟ್ಟುಕೊಂಡಿದ್ದೇನೆ.

ಒಂದು, ಆಗಸ್ಟ್ 4ರದ್ದು. ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿದ್ದೇವೆ ಎಂದು ಹೇಳಿಕೆ ಕೊಟ್ಟಿತು. ಸುನಿಲ್ ಛೆಟ್ರಿ ಆಡುವ ತಂಡ ಅದು. ಎರಡು, ನಮ್ಮೂರಿನದ್ದು. ಜೂನ್ 4ರ ಚಿನ್ನಸ್ವಾಮಿ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಮಹಾರಾಜ ಟ್ರೋಫಿ ಬೆಂಗಳೂರಿನಿಂದ ಮೈಸೂರಿಗೆ ಬಂತು. ಮಾನಸಗಂಗೋತ್ರಿ ಪಕ್ಕದ ಒಡೆಯರ್ ಮೈದಾನದಲ್ಲಿ ಪ್ರೇಕ್ಷಕರೇ ಇಲ್ಲದೆ ಆಟ ನಡೀತು. ಮೂರು, ತಿಂಗಳ ಕೊನೆಯದ್ದು. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮೈಕಾ ಪಾರ್ಸನ್ಸ್ ಅನ್ನೋ ಆಟಗಾರ ಡಲ್ಲಸ್ ತಂಡದ ಜತೆ ಸಂಬಳಕ್ಕಾಗಿ ತಿಂಗಳುಗಟ್ಟಲೆ ಜಗ್ಗಾಡಿ, ಕೊನೆಗೆ ಗ್ರೀನ್ ಬೇ ತಂಡಕ್ಕೆ ಹೋದ. ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 1,600 ಕೋಟಿ ರೂಪಾಯಿ.

ಸರಸ್ವತಿಪುರಂನಲ್ಲಿ ನಾನು ದಿನಾ ಟೀ ಕುಡಿಯೋ ಅಂಗಡಿಗೆ ಬರೋ ಒಬ್ಬ ಹುಡುಗ ಇದ್ದಾನೆ. ಇಂಜಿನಿಯರಿಂಗ್ ಕೊನೇ ವರ್ಷ, ಭಾನುವಾರ ಲೀಗ್ ಕ್ರಿಕೆಟ್. ಮೂರನೇ ಸುದ್ದಿ ತೋರಿಸಿದೆ. ‘ಅಣ್ಣಾ, ಕೆಲ್ಸಕ್ಕೆ ಬರಲ್ಲ ಅಂದವನಿಗೆ ಸಂಬಳ ಜಾಸ್ತಿ ಮಾಡ್ತಾರಾ?’ ಅಂತ ಕೇಳಿದ. ಅವನಿಗೆ ಅಲ್ಲೇ ಉತ್ತರ ಹೇಳೋಕೆ ಹೋಗಿ ಎರಡು ಟೀ ಆಯ್ತು, ಉತ್ತರ ಮುಗೀಲಿಲ್ಲ. ಉಳಿದದ್ದು ಇಲ್ಲಿದೆ.

ಒಪ್ಪಂದ ಜಾರಿಯಲ್ಲಿದ್ದಾಗಲೇ ಆಟಗಾರ ‘ಈ ಸಂಬಳಕ್ಕೆ ನಾನು ತರಬೇತಿ ಶಿಬಿರಕ್ಕೆ ಬರಲ್ಲ’ ಅನ್ನೋದನ್ನು ಅಮೆರಿಕದಲ್ಲಿ ಹೋಲ್ಡ್‌ಔಟ್ ಅಂತಾರೆ. ಕೇಳೋಕೆ ಇದು ಕೊಟ್ಟ ಮಾತು ಮುರಿಯೋದು ಅನ್ನಿಸುತ್ತೆ. ಆದ್ರೆ ಆ ಆಟದ ಒಪ್ಪಂದದ ಸ್ವಭಾವ ನೋಡಿ. ಹೊಸದಾಗಿ ಡ್ರಾಫ್ಟ್ ಆದವನಿಗೆ ನಾಲ್ಕು ವರ್ಷದ ಒಪ್ಪಂದ, ಸಂಬಳ ಬಹುಪಾಲು ಮೊದಲೇ ನಿಗದಿ. ಮೂರು ಸೀಸನ್ ಮುಗಿಯೋವರೆಗೆ ಅದನ್ನು ತಿದ್ದುವಂತಿಲ್ಲ. ಇತ್ತ ಕ್ಲಬ್ಬಿಗೆ ಬೇಡ ಅನ್ನಿಸಿದರೆ ಆಟಗಾರನನ್ನು ಯಾವಾಗ ಬೇಕಾದ್ರೂ ಬಿಡಬಹುದು, ಗ್ಯಾರಂಟಿ ಅಂತ ಬರೆದ ಹಣ ಬಿಟ್ಟರೆ ಉಳಿದದ್ದು ಕಾಗದದಲ್ಲೇ ಉಳಿಯುತ್ತೆ. ಮಂಡಿ ಒಮ್ಮೆ ಹೋದರೆ ಆಟವೇ ಹೋದ ಹಾಗೆ. ಹಾಗಾಗಿ ಅವನ ಕೈಲಿರೋ ಚೌಕಾಸಿಯ ಕಾಲ ತುಂಬ ಚಿಕ್ಕದು: ಚೆನ್ನಾಗಿ ಆಡಿದ ಮೇಲೆ, ಮುಂದಿನ ಗಾಯಕ್ಕೆ ಮುಂಚೆ.

ಇದು ಪುಕ್ಕಟೆಯೇನಲ್ಲ. 2020ರ ಒಪ್ಪಂದದ ಪ್ರಕಾರ ಶಿಬಿರ ತಪ್ಪಿಸಿದರೆ ದಿನಕ್ಕೆ 40ರಿಂದ 50 ಸಾವಿರ ಡಾಲರ್ ದಂಡ. ಮೊದಲ ಒಪ್ಪಂದ ದಾಟಿದ ಆಟಗಾರರಾದರೆ ಕ್ಲಬ್ಬೇ ಮನಸ್ಸು ಮಾಡಿದ್ರೂ ಆ ದಂಡ ಮನ್ನಾ ಮಾಡುವಂತಿಲ್ಲ. ಅದಕ್ಕೇ ಈಗ ಒಂದು ಉಪಾಯ ಬಂದಿದೆ. ಶಿಬಿರಕ್ಕೆ ಹಾಜರಾಗು, ಸಹಿ ಹಾಕು, ಆದ್ರೆ ‘ಬೆನ್ನು ನೋವು’ ಅಂತ ಅಭ್ಯಾಸ ಮಾಡಬೇಡ. ಪಾರ್ಸನ್ಸ್ ಕೂಡ ಶಿಬಿರದಲ್ಲಿದ್ದೂ ಅಭ್ಯಾಸಕ್ಕೆ ಇಳಿಯಲಿಲ್ಲ. ನಮ್ಮ ಸರ್ಕಾರಿ ಕಚೇರಿಗಳಿಗೆ ಈ ತಂತ್ರ ಹೊಸದಲ್ಲ ಬಿಡಿ.

ಗೆದ್ದವರಿದ್ದಾರೆ. 1993ರಲ್ಲಿ ಎಮಿಟ್ ಸ್ಮಿತ್ ಮೊದಲ ಎರಡು ಪಂದ್ಯಕ್ಕೆ ಬರಲಿಲ್ಲ. ಡಲ್ಲಸ್ ಎರಡೂ ಸೋತಿತು. ಮಾಲೀಕ ಸಹಿ ಹಾಕಿದ, ಅದೇ ವರ್ಷ ತಂಡ ಸೂಪರ್ ಬೌಲ್ ಗೆದ್ದಿತು. ಸೋತವರೂ ಇದ್ದಾರೆ. 2018ರಲ್ಲಿ ಲೆವಿಯಾನ್ ಬೆಲ್ 1.45 ಕೋಟಿ ಡಾಲರಿನ ಒಂದು ವರ್ಷದ ಆಫರ್ ತಿರಸ್ಕರಿಸಿ ಇಡೀ ಸೀಸನ್ ಮನೇಲಿ ಕೂತ. ಮರುವರ್ಷ ಬೇರೆ ತಂಡ ದುಡ್ಡೇನೋ ಕೊಟ್ಟಿತು, ಹಳೇ ಆಟ ಮಾತ್ರ ಮರಳಲಿಲ್ಲ.

ಇಷ್ಟನ್ನು ಯಾವ ಸ್ಪೋರ್ಟ್ಸ್ ಪೇಜಿನಲ್ಲೂ ಓದಬಹುದು. ನನಗೆ ಮುಖ್ಯ ಅನ್ನಿಸೋದು ಆ ದಂಡದ ಮೊತ್ತ ಎಲ್ಲಿ ಬರೆದಿದೆ ಅನ್ನೋದು. ಅದು ಮಾಲೀಕರು ಹೊರಡಿಸಿದ ಸುತ್ತೋಲೆ ಅಲ್ಲ. ಆಟಗಾರರ ಯೂನಿಯನ್ ಮತ್ತು ಲೀಗ್ ಎದುರುಬದುರು ಕೂತು ಬರೆದ ಸಾಮೂಹಿಕ ಒಪ್ಪಂದದಲ್ಲಿದೆ. ಅದೇ ಒಪ್ಪಂದದಲ್ಲಿ ಲೀಗಿನ ಆದಾಯದಲ್ಲಿ ಕನಿಷ್ಠ ಶೇ. 48 ಆಟಗಾರರಿಗೆ ಅಂತಲೂ ಇದೆ. ಒಂದು ತಂಡ ಸಂಬಳಕ್ಕೆ ಗರಿಷ್ಠ ಎಷ್ಟು ಖರ್ಚು ಮಾಡಬಹುದು ಅನ್ನೋ ಮಿತಿ (2025ಕ್ಕೆ 27.92 ಕೋಟಿ ಡಾಲರ್) ಹುಟ್ಟೋದೇ ಆ ಲೆಕ್ಕದಿಂದ. ಯೂನಿಯನ್ ಒಪ್ಪದೆ 32 ಮಾಲೀಕರು ಸೇರಿ ಹೀಗೊಂದು ಮಿತಿ ಹಾಕಿಕೊಂಡರೆ ಅಮೆರಿಕದ ಕಾನೂನಿನಲ್ಲಿ ಅದು ಸಂಬಳ ಇಳಿಸೋ ಕೂಟ ಅನ್ನಿಸಿಕೊಂಡು ಕೋರ್ಟಿಗೆ ಹೋಗಬೇಕಾಗುತ್ತೆ.

ಆ ಮೇಜು ಸುಮ್ಮನೆ ಬರಲಿಲ್ಲ. 1982ರಲ್ಲಿ 57 ದಿನ ಮುಷ್ಕರ. 1987ರಲ್ಲಿ 24 ದಿನ. ಎರಡನೇ ಸಲ ಮಾಲೀಕರು ಬದಲಿ ಆಟಗಾರರನ್ನು ಇಳಿಸಿ ಪಂದ್ಯ ಆಡಿಸಿದರು, ಯೂನಿಯನ್ ಮಣಿಯಬೇಕಾಯ್ತು. ಮುಷ್ಕರದಲ್ಲಿ ಸೋತದ್ದನ್ನು 1992ರಲ್ಲಿ ಕೋರ್ಟಿನಲ್ಲಿ ಗೆದ್ದರು. ಒಪ್ಪಂದ ಮುಗಿದ ಆಟಗಾರ ಬೇರೆ ತಂಡಕ್ಕೆ ಹೋಗೋ ಸ್ವಾತಂತ್ರ್ಯ 1993ರಲ್ಲಿ ಬಂತು. ಹಾಗಂತ ಆ ಯೂನಿಯನ್ನನ್ನು ಪೂಜೆ ಮಾಡಬೇಕಿಲ್ಲ. ಗ್ಯಾರಂಟಿ ಒಪ್ಪಂದಗಳನ್ನು ಕಮ್ಮಿ ಮಾಡಿ ಅಂತ ಲೀಗ್ ಮಾಲೀಕರಿಗೆ ಹೇಳಿತ್ತು ಅನ್ನೋ ಮಧ್ಯಸ್ಥಗಾರರ ತೀರ್ಪನ್ನು ತನ್ನ ಸದಸ್ಯರಿಂದಲೇ ಮುಚ್ಚಿಟ್ಟಿದ್ದು 2025ರಲ್ಲಿ ಬಯಲಾಯ್ತು. ಅದಾಗಿ ಕೆಲವೇ ವಾರಕ್ಕೆ ಯೂನಿಯನ್ ಮುಖ್ಯಸ್ಥ ರಾಜೀನಾಮೆ ಕೊಟ್ಟ.

ಈಗ ನಮ್ಮ ಕಡೆಗೆ ಬರೋಣ.

ಮೈಸೂರಿಗೆ ಗೊತ್ತಿರೋ ಅತಿ ದೊಡ್ಡ ‘ಆಡಲ್ಲ’ ಎರಾಪಳ್ಳಿ ಪ್ರಸನ್ನ ಅವರದ್ದು. 1962ರ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ನಡುವೆ ಇಲ್ಲೇ ಎನ್‌ಐಇಯಲ್ಲಿ ಇಂಜಿನಿಯರಿಂಗ್ ಮುಗಿಸಿದರು. ಯಾಕೆ ಅಂತ ವಿವರಿಸಬೇಕಿಲ್ಲ ಅಲ್ವಾ? ಟೆಸ್ಟ್ ಕ್ರಿಕೆಟ್ ಮನೆ ನಡೆಸೋ ಕೆಲಸ ಆಗಿರಲಿಲ್ಲ. ಜಾವಗಲ್ ಶ್ರೀನಾಥ್ ಎಸ್‌ಜೆಸಿಇ, ಅನಿಲ್ ಕುಂಬ್ಳೆ ಆರ್‌ವಿ ಕಾಲೇಜು. ನಮ್ಮ ಬೌಲರ್‌ಗಳ ಯೂನಿಯನ್ ಕಾರ್ಡು ಅಂದ್ರೆ ಬಿಇ ಡಿಗ್ರಿನೇ ಆಗಿತ್ತು.

ಮಂಡಳಿಯ ಜತೆ ಜಗಳ ಇರಲಿಲ್ಲ ಅಂತಲ್ಲ. 1979ರ ಇಂಗ್ಲೆಂಡ್ ಪ್ರವಾಸಕ್ಕೆ ಸೈಯದ್ ಕಿರ್ಮಾನಿ ಅವರನ್ನು ಕೈಬಿಟ್ಟರು. ಕೆರ್ರಿ ಪ್ಯಾಕರ್‌ನ ಬಂಡಾಯ ಸರಣಿಯಿಂದ ಕರೆ ಬಂದಿದ್ದೇ ಕಾರಣ ಅನ್ನೋ ಮಾತು ಆಗ ಹಬ್ಬಿತ್ತು. ಅವರು ಹೋಗಿರಲೂ ಇಲ್ಲ. 1989ರಲ್ಲಿ ಅಮೆರಿಕದಲ್ಲಿ ಪ್ರದರ್ಶನ ಪಂದ್ಯ ಆಡಿದ್ದಕ್ಕೆ ಕಪಿಲ್ ದೇವ್ ಸೇರಿ ಆರು ಜನರ ಮೇಲೆ ನಿಷೇಧ ಬಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು, ನಿಷೇಧ ಬಿದ್ದುಹೋಯ್ತು.

ಆದ್ರೆ ಭಾರತೀಯ ಕ್ರಿಕೆಟ್ಟಿಗರು ನಿಜಕ್ಕೂ ಹೋಲ್ಡ್‌ಔಟ್‌ನ ಹೊಸ್ತಿಲವರೆಗೆ ಬಂದದ್ದು ಒಂದೇ ಸಲ, 2002ರ ಆಗಸ್ಟಿನಲ್ಲಿ. ಐಸಿಸಿ ತನ್ನ ಟೂರ್ನಿಗಳ ಹಕ್ಕುಗಳನ್ನು 55 ಕೋಟಿ ಡಾಲರಿಗೆ ಮಾರಿತ್ತು. ಕೊಂಡವರಿಗೆ ಕೊಟ್ಟ ಮಾತೇನಂದ್ರೆ, ಟೂರ್ನಿಯ ಹಿಂದೆ ಮುಂದೆ 30 ದಿನ ಯಾವ ಆಟಗಾರನೂ ಅಧಿಕೃತ ಪ್ರಾಯೋಜಕರ ಎದುರಾಳಿ ಕಂಪನಿಯ ಜಾಹೀರಾತಿನಲ್ಲಿ ಇರಬಾರದು. ನಮ್ಮ ಮಂಡಳಿ ಇದಕ್ಕೆ ಒಪ್ಪಿ ಸಹಿ ಹಾಕಿತ್ತು. ಆಟಗಾರರನ್ನು ಕೇಳಿರಲಿಲ್ಲ. ಅವರಲ್ಲಿ ಅನೇಕರಿಗೆ ಎದುರಾಳಿ ಕಂಪನಿಗಳ ಜತೆ ಆಗಲೇ ಒಪ್ಪಂದ ಇತ್ತು. ಅವರ ಮುಖವನ್ನು ಬೇರೆಯವರು ಮಾರಿಬಿಟ್ಟಿದ್ದರು, ಅಷ್ಟೇ.

ಸಹಿ ಹಾಕಲ್ಲ ಅಂದರು. ತೆಂಡೂಲ್ಕರ್, ಗಂಗೂಲಿ, ದ್ರಾವಿಡ್, ಕುಂಬ್ಳೆ ಎಲ್ಲರೂ ಒಟ್ಟಾಗಿ. ಬದಲಿ ತಂಡ ಕಳಿಸುವ ಮಾತೂ ಬಂತು. ಗಮನಿಸಿ, 1987ರಲ್ಲಿ ಎನ್‌ಎಫ್‌ಎಲ್ ಮಾಲೀಕರು ಹೂಡಿದ ಬಾಣವೇ ಇದು. ಈ ಗದ್ದಲದ ನಡುವೆಯೇ ಹೆಡಿಂಗ್ಲಿ ಟೆಸ್ಟ್ ನಡೀತು. ದ್ರಾವಿಡ್ 148, ಕುಂಬ್ಳೆಗೆ ಒಟ್ಟು ಏಳು ವಿಕೆಟ್, ಭಾರತಕ್ಕೆ ಇನಿಂಗ್ಸ್ ಗೆಲುವು. ಬದಲಿ ತಂಡದ ಬೆದರಿಕೆಗೆ ಇದಕ್ಕಿಂತ ಚಂದದ ಉತ್ತರ ಇರಲಿಕ್ಕಿಲ್ಲ. ಷರತ್ತು ಸಡಿಲವಾಯ್ತು, ಚಾಂಪಿಯನ್ಸ್ ಟ್ರೋಫಿಗೆ ಮುಖ್ಯ ತಂಡವೇ ಹೋಯ್ತು. 2003ರ ವಿಶ್ವಕಪ್ ಹತ್ತಿರ ಬಂದಾಗ ಅದೇ ಜಗಳ ಮತ್ತೆ ತಲೆ ಎತ್ತಿತು.

ಆ ಬಿಸಿಯಲ್ಲೇ ಭಾರತೀಯ ಕ್ರಿಕೆಟ್ ಆಟಗಾರರ ಸಂಘ ಹುಟ್ಟಿತು. ಮನ್ಸೂರ್ ಅಲಿ ಖಾನ್ ಪಟೌಡಿ ಅಧ್ಯಕ್ಷರು. ಒಂದೆರಡು ವರ್ಷದೊಳಗೆ ವಾರ್ಷಿಕ ಶ್ರೇಣಿ ಒಪ್ಪಂದ ಬಂತು, ಎ ಶ್ರೇಣಿಗೆ 50 ಲಕ್ಷ. ಮಂಡಳಿಯ ಆದಾಯದ ಶೇ. 26 ಆಟಗಾರರಿಗೆ ಅನ್ನೋ ಸೂತ್ರವೂ ಬಂತು. ಅದರಲ್ಲಿ ಶೇ. 13 ಅಂತಾರಾಷ್ಟ್ರೀಯ ಆಟಗಾರರಿಗೆ, ಶೇ. 10.6 ರಣಜಿಯಂಥ ದೇಶಿ ಕ್ರಿಕೆಟ್ ಆಡುವವರಿಗೆ. ನನ್ನ ಪ್ರಕಾರ ನಮ್ಮ ಕ್ರೀಡಾ ಕಾರ್ಮಿಕ ಇತಿಹಾಸದ ಅತ್ಯುತ್ತಮ ಪುಟ ಇದು, ಯಾಕಂದ್ರೆ ಸ್ಟಾರ್‌ಗಳ ಜಗಳದ ಫಲ ರಣಜಿ ಹುಡುಗನ ಕೈಗೂ ಸೇರಿತು. ಆದ್ರೆ ಯಾವುದನ್ನು ಆದಾಯ ಅಂತ ಲೆಕ್ಕ ಹಾಕಬೇಕು ಅಂತ ಬರೆಯೋ ಪೆನ್ನು ಮಂಡಳಿಯ ಜೇಬಿನಲ್ಲೇ ಉಳೀತು.

ಆಮೇಲೆ ಸಂಘ ಮಸುಕಾಯ್ತು. 2010ರಲ್ಲಿ ಕುಂಬ್ಳೆ ಕೆಎಸ್‌ಸಿಎ ಅಧ್ಯಕ್ಷರಾದರು, ಶ್ರೀನಾಥ್ ಕಾರ್ಯದರ್ಶಿ. ಮೇಜಿನ ಆಚೆ ಬದಿಗೆ ಹೋದರು. 2017ರಲ್ಲಿ ಭಾರತ ತಂಡದ ಕೋಚ್ ಆಗಿ ಅದೇ ಕುಂಬ್ಳೆ, ಆಟಗಾರರ ಸಂಬಳ ಹೆಚ್ಚಿಸಿ ಅಂತ ಆಡಳಿತ ಸಮಿತಿಯ ಮುಂದೆ ಪ್ರೆಸೆಂಟೇಶನ್ ಕೊಟ್ಟರು. ಮರುವರ್ಷ ಅಗ್ರ ಶ್ರೇಣಿಗೆ 7 ಕೋಟಿ ಆಯ್ತು. ಹೆಚ್ಚಾಯ್ತು ನಿಜ. ಆದ್ರೆ ಅದು ಸ್ಲೈಡ್ ತೋರಿಸಿ ಪಡೆದದ್ದು. ಅದೇ 2017ರಲ್ಲಿ ಆಸ್ಟ್ರೇಲಿಯಾದ ಸುಮಾರು 230 ಕ್ರಿಕೆಟಿಗರು, ಗಂಡಸರು ಹೆಂಗಸರು ಸೇರಿ, ಜೂನ್ 30ಕ್ಕೆ ಒಪ್ಪಂದ ಮುಗಿದ ಮೇಲೆ ಹೊಸದಕ್ಕೆ ಸಹಿ ಹಾಕದೆ ಒಂದು ತಿಂಗಳಿಗೂ ಹೆಚ್ಚು ನಿರುದ್ಯೋಗಿಗಳಾಗಿ ಕೂತರು. ಎ ತಂಡದ ದಕ್ಷಿಣ ಆಫ್ರಿಕಾ ಪ್ರವಾಸ ರದ್ದಾಯ್ತು. ಆಗಸ್ಟ್ ಶುರುವಿನಲ್ಲಿ ಮಂಡಳಿ ಆದಾಯ ಹಂಚಿಕೆಗೆ ಒಪ್ಪಿತು.

ಲೋಧಾ ಸಮಿತಿಯ ಶಿಫಾರಸಿನ ಮೇಲೆ 2019ರಲ್ಲಿ ನಮ್ಮಲ್ಲೂ ಕ್ರಿಕೆಟಿಗರ ಸಂಘ ಬಂತು. ಸದಸ್ಯರು ಯಾರು ಗೊತ್ತಾ? ನಿವೃತ್ತರು ಮಾತ್ರ.

ಈಗ ಐಪಿಎಲ್ ಲೆಕ್ಕ ಹಾಕಿ ನೋಡಿ. 2023ರಿಂದ 2027ರ ಪ್ರಸಾರ ಹಕ್ಕು 48,390 ಕೋಟಿ, ಅಂದ್ರೆ ವರ್ಷಕ್ಕೆ 9,678 ಕೋಟಿ. 2025ರಲ್ಲಿ ಒಂದು ತಂಡ ಹರಾಜು, ಪಂದ್ಯ ಶುಲ್ಕ ಎಲ್ಲ ಸೇರಿ ಆಟಗಾರರಿಗೆ ಕೊಡಬಹುದಾದ ಗರಿಷ್ಠ 146 ಕೋಟಿ. ಹತ್ತು ತಂಡಕ್ಕೆ 1,460 ಕೋಟಿ. ಪ್ರಸಾರದ ದುಡ್ಡೊಂದನ್ನೇ ಹಿಡಿದರೂ ಶೇ. 15. ಟಿಕೆಟ್ಟು, ಪ್ರಾಯೋಜಕತ್ವ ಸೇರಿಸಿದರೆ ಇನ್ನೂ ಕೆಳಗೆ. ಅಲ್ಲಿ ಶೇ. 48. ಆ 146 ಅನ್ನೋ ಸಂಖ್ಯೆಯನ್ನು ಯಾವ ಆಟಗಾರರ ಸಂಘದ ಜತೆಗೂ ಕೂತು ಬರೆದಿಲ್ಲ. ಹರಾಜಿನಲ್ಲಿ ಆಯ್ಕೆಯಾದ ಮೇಲೆ ಸಕಾರಣವಿಲ್ಲದೆ ಹಿಂದೆ ಸರಿದರೆ ಎರಡು ಸೀಸನ್ ನಿಷೇಧ. ಇಂಗ್ಲೆಂಡಿನ ಹ್ಯಾರಿ ಬ್ರೂಕ್‌ಗೆ 2025ರಲ್ಲಿ ಅದೇ ಆಯ್ತು. ಕೋಟಿ ಎಣಿಸೋರ ಕಷ್ಟ ನಮಗ್ಯಾಕೆ ಅನ್ನಬೇಡಿ. ಅದೇ ಹರಾಜಿನ ಅಚ್ಚಿನಲ್ಲೇ ಮಹಾರಾಜ ಟ್ರೋಫಿಯೂ ಇದೆ. 2025ರಲ್ಲಿ ಅತಿ ದುಬಾರಿ ಆಟಗಾರ ದೇವದತ್ತ ಪಡಿಕ್ಕಲ್, 13.20 ಲಕ್ಷ. ಹಿಂದಿನ ವರ್ಷ ಮೈಸೂರು ವಾರಿಯರ್ಸ್ ಸಮಿತ್ ದ್ರಾವಿಡ್‌ನನ್ನು ಕೊಂಡದ್ದು 50 ಸಾವಿರಕ್ಕೆ. ಮನೆತನದ ಹೆಸರೂ ಹರಾಜಿನಲ್ಲಿ ಚೌಕಾಸಿ ಮಾಡಲ್ಲ.

ನಾನೂ ಒಂದು ಕಾಲದಲ್ಲಿ ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಸಿಕ್ಕ ಕಂಪನಿಯೊಂದಕ್ಕೆ ಎರಡು ವರ್ಷದ ಬಾಂಡ್ ಬರೆದುಕೊಟ್ಟವನು. ಬಿಟ್ಟು ಹೋದರೆ ನಾನು ದುಡ್ಡು ಕಟ್ಟಬೇಕು, ಅವರು ತೆಗೆದರೆ ಏನೂ ಇಲ್ಲ. ಓದದೇ ಸಹಿ ಹಾಕಿದೆ. ಓದಿದ್ರೂ ಹಾಕ್ತಿದ್ದೆ.

ಹಾಗಾದ್ರೆ ಬೆಂಗಳೂರು ಎಫ್‌ಸಿ ಹುಡುಗರು? ಕಾಗದದ ಮೇಲೆ ಅವರು ಕ್ರಿಕೆಟಿಗರಿಗಿಂತ ಗಟ್ಟಿ. ಎರಡು ತಿಂಗಳ ಸಂಬಳವನ್ನು ಕ್ಲಬ್ ಅಕ್ರಮವಾಗಿ ಬಾಕಿ ಇಟ್ಟರೆ, ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾದು ಒಪ್ಪಂದ ಮುರಿಯಬಹುದು ಅನ್ನುತ್ತೆ ಫಿಫಾ ನಿಯಮ. ಅಂತಾರಾಷ್ಟ್ರೀಯ ಮಾನ್ಯತೆ ಇರೋ ಆಟಗಾರರ ಸಂಘವೂ ಫುಟ್‌ಬಾಲ್‌ನಲ್ಲಿದೆ. ಆದ್ರೆ ಹೋಲ್ಡ್‌ಔಟ್ ನಡೆಯಬೇಕಾದ್ರೆ ಮೊದಲು ಪಂದ್ಯ ಅಂತ ಒಂದಿರಬೇಕು. ಫುಟ್‌ಬಾಲ್ ಫೆಡರೇಶನ್ ಮತ್ತು ಲೀಗ್ ನಡೆಸೋ ಎಫ್‌ಎಸ್‌ಡಿಎಲ್ ನಡುವಿನ 15 ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯೋದಿತ್ತು. ಅದು ನವೀಕರಣ ಆಗದ್ದರಿಂದ ಜುಲೈಯಲ್ಲೇ ಐಎಸ್‌ಎಲ್ ತಡೆಹಿಡಿದರು. ಒಪ್ಪಂದ ಮುರಿದು ಹೊರಗೆ ಬಂದವನು ಹೋಗೋದೆಲ್ಲಿಗೆ? ದೇಶದ ಅಗ್ರ ಲೀಗೇ ನಿಂತಿತ್ತು. ಎಮಿಟ್ ಸ್ಮಿತ್ ಇಲ್ಲದೆ ಡಲ್ಲಸ್ ಸೋತಿತು, ಅದು ಅವನ ಬಲ. ಇಲ್ಲಿ ಸೋಲೋಕೂ ಆಟ ಇರಲಿಲ್ಲ. ಆ ಆಗಸ್ಟಿನಲ್ಲಿ ಆಟಗಾರರು ಸಂಬಳ ಹೆಚ್ಚು ಕೇಳಿ ಹೊರಗೆ ಕೂತಿರಲಿಲ್ಲ. ಕ್ಲಬ್ಬೇ, ಲೀಗೇ ಅವರನ್ನು ಹೊರಗೆ ಕೂರಿಸಿತ್ತು.

2026ರ ಜನವರಿ ಮೊದಲ ವಾರ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗನ್ ಮುಂತಾದವರು ಒಂದು ವಿಡಿಯೋ ಮಾಡಿ, ನೀವೇ ಬಂದು ಕಾಪಾಡಿ ಅಂತ ಫಿಫಾಗೆ ಕೇಳಿಕೊಂಡರು. ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದ ಮನುಷ್ಯ. ಅವರು ಇಟ್ಟಿದ್ದು ಬೇಡಿಕೆ ಅಲ್ಲ, ಬೇಡಿಕೊಂಡಿದ್ದು.

ಮೊನ್ನೆ ಟೀ ಅಂಗಡಿಯಲ್ಲಿ ಹುಡುಗನಿಗೆ ಇದನ್ನೆಲ್ಲ ಹೇಳಿ ಮುಗಿಸಿದೆ. ಮಧ್ಯೆ ಮಾತಾಡಲಿಲ್ಲ ಅವನು, ಲೋಟ ಕೆಳಗಿಟ್ಟ. ‘ಸರಿ ಅಣ್ಣಾ, ಆ 2019ರ ಸಂಘಕ್ಕೆ ಸೇರೋಕೆ ಏನ್ಮಾಡ್ಬೇಕು?’

‘ಮೊದ್ಲು ರಣಜಿ ಆಡ್ಬೇಕು,’ ಅಂದೆ. ‘ಆಮೇಲೆ ರಿಟೈರ್ ಆಗ್ಬೇಕು.’