ಎದ್ದ ಕೂಡಲೇ ಕಣ್ಣು ಕತ್ತಲೆ ಬರೋದ್ಯಾಕೆ?

ಪಂಕ್ತಿ ಊಟ ಮುಗಿಸಿ ನೆಲದಿಂದ ದಡಕ್ಕನೆ ಎದ್ರಿ. ಕಣ್ಣು ಕತ್ತಲೆ, ತಲೆ ಗಿರ್ರ್! ಯಾಕೆ?

ಎದ್ದ ತಕ್ಷಣ ಸುಮಾರು 500ರಿಂದ 800 ಮಿಲಿಲೀಟರ್ ರಕ್ತ ಹೊಟ್ಟೆ, ಕಾಲುಗಳತ್ತ ಇಳಿಯುತ್ತೆ. ಹೃದಯಕ್ಕೆ ವಾಪಸ್ ಬರೋದು ಕಮ್ಮಿ, ಮಿದುಳಿಗೆ ಹೋಗೋದೂ ಕಮ್ಮಿ. ಕತ್ತಿನ ರಕ್ತನಾಳದಲ್ಲಿರೋ ಒತ್ತಡದ ಸೆನ್ಸರ್‌ಗಳು ಇದನ್ನ ಹಿಡಿದು, ಎದೆಬಡಿತ ಏರಿಸಿ, ನಾಳಗಳನ್ನ ಬಿಗಿ ಮಾಡಿಸುತ್ವೆ. ಸಾಮಾನ್ಯವಾಗಿ ಕೆಲವೇ ಸೆಕೆಂಡಲ್ಲಿ ಎಲ್ಲ ಸರಿ.

ನೀರು ಕಮ್ಮಿ ಕುಡಿದಿದ್ರೆ, ಬಿಪಿ ಮಾತ್ರೆ ತಗೊಳ್ತಿದ್ರೆ, ವಯಸ್ಸಾಗಿದ್ರೆ ಈ ವ್ಯವಸ್ಥೆ ತಡವರಿಸಬಹುದು. ಭಾರಿ ಊಟವೂ ರಕ್ತವನ್ನ ಹೊಟ್ಟೆ ಕಡೆ ಎಳೆಯುತ್ತೆ. ಹೋಳಿಗೆಯೂ ನಿರಪರಾಧಿ ಅಲ್ಲ!

ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಅಂಕ ಇಳಿದ್ರೆ ವೈದ್ಯರು ಗಂಭೀರವಾಗೇ ನೋಡ್ತಾರೆ. ಪದೇ ಪದೇ ಹೀಗಾದ್ರೆ ಮಲಗಿ ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿಸಿ. ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ.