ಕ್ಯಾನ್ಸರ್ ಮರುಕಳಿಕೆಯ ಮುನ್ಸೂಚನೆ: ರೋಗನಿರೋಧಕ ವಂಶವಾಹಿಗಳ ಪರೀಕ್ಷೆ

ಶಸ್ತ್ರಚಿಕಿತ್ಸೆಯಿಂದ ಕ್ಯಾನ್ಸರ್ ಗಡ್ಡೆಯನ್ನು ತೆಗೆದ ನಂತರ ರೋಗಿ ಹಾಗೂ ವೈದ್ಯರ ಮುಂದೆ ಉಳಿಯುವ ಪ್ರಶ್ನೆ, ರೋಗವು ಮರುಕಳಿಸುವುದೇ ಎಂಬುದು. ಅಪಾಯ ಹೆಚ್ಚಿದ್ದಲ್ಲಿ ಕೀಮೋಥೆರಪಿ ನೀಡಬೇಕಾಗುತ್ತದೆ. ಅಪಾಯ ತೀರ ಕಡಿಮೆಯಿದ್ದಲ್ಲಿ ಅದು ವ್ಯರ್ಥ ಯಾತನೆ ಹಾಗೂ ವೆಚ್ಚಕ್ಕೆ ದಾರಿಯಾಗುತ್ತದೆ. ಗಡ್ಡೆಯ ಗಾತ್ರ ಮತ್ತು ಹರಡುವಿಕೆಯನ್ನು ಆಧರಿಸಿದ ಹಂತ ನಿರ್ಣಯವೊಂದೇ ಇದಕ್ಕೆ ಪೂರ್ಣ ಉತ್ತರ ನೀಡದು. ಈ ಕೊರತೆಯನ್ನು ತುಂಬುವ ಪರೀಕ್ಷೆಗಳು ರೋಗಪತ್ತೆ ಉದ್ಯಮದಲ್ಲಿ ಪ್ರತ್ಯೇಕ ಕ್ಷೇತ್ರವಾಗಿ ಬೆಳೆದಿವೆ.

ಪರೀಕ್ಷೆಯ ತತ್ತ್ವ

ರೋಗನಿರೋಧಕ ವ್ಯವಸ್ಥೆಗೆ ಸೇರಿದ ಟಿ-ಕೋಶಗಳು ಗಡ್ಡೆಯನ್ನು ಪ್ರವೇಶಿಸಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲವು. ಈ ಕಾರ್ಯ ನಡೆದಿರುವಲ್ಲಿ ಕೆಲವು ನಿರ್ದಿಷ್ಟ ವಂಶವಾಹಿಗಳು ಹೆಚ್ಚು ಸಕ್ರಿಯವಾಗಿರುತ್ತವೆ. ಗಡ್ಡೆಯ ತುಣುಕಿನಲ್ಲಿ ಅವುಗಳ ಚಟುವಟಿಕೆಯನ್ನು ಅಳೆದು, ಅಪಾಯವನ್ನು ಅಂದಾಜು ಮಾಡಲಾಗುತ್ತದೆ. ಇಂತಹ ವಂಶವಾಹಿ ಸಮೂಹಕ್ಕೆ ‘ವಂಶವಾಹಿ ಸಹಿ’ ಎನ್ನಬಹುದು.

2006ರಲ್ಲಿ ಪ್ಯಾರಿಸ್ಸಿನ ಜೆರೋಮ್ ಗಾಲೋನ್ ಮತ್ತು ಸಂಗಡಿಗರು, ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಇಂತಹ ವಂಶವಾಹಿಗಳು ಸಕ್ರಿಯವಾಗಿದ್ದಷ್ಟೂ ಮರುಕಳಿಕೆ ಕಡಿಮೆಯೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಸಂಶೋಧನೆಯಿಂದ ಬೆಳೆದ ‘ಇಮ್ಯುನೋಸ್ಕೋರ್’ ಪರೀಕ್ಷೆಯು ವಂಶವಾಹಿಗಳಿಗೆ ಬದಲಾಗಿ ಟಿ-ಕೋಶಗಳನ್ನೇ ಗಡ್ಡೆಯ ನಡುಭಾಗದಲ್ಲಿಯೂ ಅಂಚಿನಲ್ಲಿಯೂ ಎಣಿಸುತ್ತದೆ. 2018ರಲ್ಲಿ ಪ್ರಕಟವಾದ, 13 ದೇಶಗಳ 2,681 ರೋಗಿಗಳ ಅಧ್ಯಯನದಲ್ಲಿ ಅಹಮದಾಬಾದಿನ ಕ್ಯಾನ್ಸರ್ ಸಂಸ್ಥೆಯೂ ಭಾಗವಹಿಸಿತ್ತು. ಮೊದಲ ಗುಂಪಿನಲ್ಲಿ 5 ವರ್ಷಗಳೊಳಗಿನ ಮರುಕಳಿಕೆಯು ಹೆಚ್ಚು ಅಂಕ ಪಡೆದವರಲ್ಲಿ ಶೇ. 8, ಮಧ್ಯಮ ಅಂಕದವರಲ್ಲಿ ಶೇ. 19 ಹಾಗೂ ಕಡಿಮೆ ಅಂಕದವರಲ್ಲಿ ಶೇ. 32ರಷ್ಟಿತ್ತು. ಮತ್ತೆರಡು ಪ್ರತ್ಯೇಕ ಗುಂಪುಗಳಲ್ಲಿಯೂ ಫಲಿತಾಂಶವು ದೃಢಪಟ್ಟಿತು.

ಎಚ್ಚರಿಕೆ ಏಕೆ?

ಅಮೆರಿಕೆಯಲ್ಲಿ 2006ರಲ್ಲಿ ಆರಂಭವಾದ ‘ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ಯೋಜನೆಯು 33 ಬಗೆಯ ಕ್ಯಾನ್ಸರಿನ ದತ್ತಾಂಶವನ್ನು ಸಂಶೋಧಕರಿಗೆ ಮುಕ್ತಗೊಳಿಸಿತು. ಪರಿಣಾಮವಾಗಿ, ಗಣಕಯಂತ್ರದ ಮುಂದೆ ಕುಳಿತೇ ಹೊಸ ಹೊಸ ಸಹಿಗಳನ್ನು ರೂಪಿಸುವುದು ಸುಲಭವಾಯಿತು. ಆದರೆ ಪ್ರಕಟವಾದ ಸಹಿಗಳೆಲ್ಲವೂ ನಂಬಲರ್ಹವಲ್ಲ. 2011ರಲ್ಲಿ ಬೆಲ್ಜಿಯಂ ಸಂಶೋಧಕರು ಸ್ತನ ಕ್ಯಾನ್ಸರಿನ 47 ಸಹಿಗಳನ್ನು, ಕಣ್ಣುಮುಚ್ಚಿ ಆರಿಸಿದ ವಂಶವಾಹಿಗಳೊಡನೆ ಹೋಲಿಸಿದರು. 28 ಸಹಿಗಳು ಅವುಗಳಿಗಿಂತ ಗಮನಾರ್ಹವಾಗಿ ಮೇಲೆನಿಸಲಿಲ್ಲ! ಕೋಶ ವಿಭಜನೆಯ ವೇಗವು ಅಸಂಖ್ಯ ವಂಶವಾಹಿಗಳಲ್ಲಿ ಪ್ರತಿಫಲಿಸುವುದೇ ಇದಕ್ಕೆ ಮುಖ್ಯ ಕಾರಣ.

ಮಾರುಕಟ್ಟೆಯಲ್ಲಿ ನೆಲೆನಿಂತ ಪರೀಕ್ಷೆಗಳ ದಾರಿ ಬೇರೆ. 2004ರಿಂದ ಲಭ್ಯವಿರುವ, 21 ವಂಶವಾಹಿಗಳ ‘ಆಂಕೋಟೈಪ್ ಡಿಎಕ್ಸ್’ ಪರೀಕ್ಷೆಯನ್ನು ಸುಮಾರು 10,000 ಮಹಿಳೆಯರ ಅಧ್ಯಯನದಲ್ಲಿ ಒರೆಗೆ ಹಚ್ಚಲಾಯಿತು. ಹಾರ್ಮೋನಿಗೆ ಸ್ಪಂದಿಸುವ, ದುಗ್ಧಗ್ರಂಥಿಗಳಿಗೆ ಹರಡದ ಆರಂಭಿಕ ಸ್ತನ ಕ್ಯಾನ್ಸರಿನಲ್ಲಿ, 50 ವರ್ಷ ಮೀರಿದವರ ಅಂಕವು 25ನ್ನು ದಾಟದಿದ್ದಲ್ಲಿ ಕೀಮೋಥೆರಪಿಯನ್ನು ಕೈಬಿಡಬಹುದೆಂದು 2018ರಲ್ಲಿ ತಿಳಿದುಬಂದಿತು. ಬೆಂಗಳೂರಿನ ಆಂಕೋಸ್ಟೆಮ್ ಸಂಸ್ಥೆಯು 5 ಪ್ರೋಟೀನುಗಳನ್ನು ಅಳೆಯುವ ‘ಕ್ಯಾನ್‌ಅಸಿಸ್ಟ್ ಬ್ರೆಸ್ಟ್’ ಪರೀಕ್ಷೆಯನ್ನು ಇದೇ ಉದ್ದೇಶಕ್ಕಾಗಿ ಅಭಿವೃದ್ಧಿಪಡಿಸಿದೆ.

ಉದ್ಯಮಿಗಳು ಗಮನಿಸಬೇಕಾದುದು

ಇಂತಹ ಪರೀಕ್ಷೆಗಳಲ್ಲಿ ಬಂಡವಾಳ ಹೂಡುವವರು ಮೂರು ಅಂಶಗಳನ್ನು ವಿಚಾರಿಸುವುದು ಒಳಿತು. ಪರೀಕ್ಷೆಯು ಅದನ್ನು ರೂಪಿಸಲು ಬಳಸದ, ಬೇರೆ ಆಸ್ಪತ್ರೆಗಳ ರೋಗಿಗಳಲ್ಲಿ ಸಾಬೀತಾಗಿದೆಯೇ? ಒಂದೇ ಮಾದರಿಗೆ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಒಂದೇ ಫಲಿತಾಂಶ ಬರುವುದೇ? ಫಲಿತಾಂಶದಿಂದ ವೈದ್ಯರ ನಿರ್ಧಾರ ಬದಲಾಗುವುದೇ? ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸದೆ ಹಣ ನೀಡುವುದಿಲ್ಲ. ರೋಗಿಯ ಜೀವವೇ ಪಣಕ್ಕಿರುವಾಗ ವಂಶವಾಹಿ ಸಹಿಗೂ ಅಷ್ಟೇ ಕಟ್ಟುನಿಟ್ಟಾದ ಪರಿಶೀಲನೆ ಅವಶ್ಯಕ.